ಕಡ್ಡಿಯಕ್ಕನಿಗೆ ಬಗೆಹರಿಯದ ಬ್ರೇಕು

ಈ ಭಾನುವಾರದ ಬೆಳಗು ಇನ್ನೂ ಮನಸ್ಸು ಮಾಡಿಲ್ಲ. ಬೀಳುತ್ತಿರುವುದು ಮಳೆಯೆಂದರೆ ಮಳೆಯಲ್ಲ, ಮಂಜೆಂದರೆ ಮಂಜಲ್ಲ. ಛತ್ರಿ ಬಿಚ್ಚಿದವರು ನಾಲ್ಕು ಹೆಜ್ಜೆ ನಡೆದು ಮಡಿಚುತ್ತಾರೆ, ಮಡಿಚಿದವರು ಮೇಲೆ ನೋಡಿ ಮತ್ತೆ ಬಿಚ್ಚುತ್ತಾರೆ. ಗುಡ್ಡದ ರಸ್ತೆ ಊರಿಗೆ ಬಂದಿಳಿಯುವ ಮೂಲೆಯಲ್ಲಿ, ಮೆಟ್ಟಿಲ ಕೆಳಗಿನ ಉದ್ದನೆಯ ಕಿರುಕೋಣೆಯೊಂದರ ಷಟರ್ ಅರ್ಧಕ್ಕೆ ಏಳುತ್ತದೆ. ಅದರಡಿಯಿಂದ ಮೊದಲು ಒಂದು ಸ್ಟೂಲು ಹೊರಬರುತ್ತದೆ, ಆಮೇಲೆ ಗಾಳಿ ಪಂಪು, ಕೊನೆಗೆ ಬೆನ್ನು ಬಗ್ಗಿಸಿಕೊಂಡು ಒಬ್ಬ ಹೆಂಗಸು. ಐವತ್ತು ದಾಟಿದ ಸಣಕಲು ಮೈ, ಮೇಲೆತ್ತಿ ಕಟ್ಟಿದ ಕೂದಲು, ಹೆಗಲ ಮೇಲೊಂದು ಬಟ್ಟೆ. ಒಳಗೆ ದೇವರ ಪಟವಿಲ್ಲ. ಗೋಡೆಗೆ ನೇತುಹಾಕಿದ ಚಕ್ರಗಳ ಕಡೆಗೇ ಒಮ್ಮೆ ಕೈ ಮುಗಿಯುತ್ತಾರೆ. ದುಂಡಗಿರುವುದೆಲ್ಲ ಯಾವುದೋ ಒಂದು ನಡುವನ್ನು ನಂಬಿಕೊಂಡೇ ತಿರುಗುತ್ತದಲ್ಲ, ಆ ನಡುವಿಗೆ ಸಲ್ಲುವ ನಮಸ್ಕಾರ ಅದು.

ಊರಿಗೆಲ್ಲ ಇವರು ಕಡ್ಡಿಯಕ್ಕ. ಚಕ್ರಕ್ಕೆ ಕಡ್ಡಿ ಕಟ್ಟುವುದರಲ್ಲಿ, ಸೊಟ್ಟಗಾದ ಚಕ್ರದ ಬೆಂಡ್ ತೆಗೆಯುವುದರಲ್ಲಿ ಪಳಗಿದ ಕೈಗೆ ಜನ ಕೊಟ್ಟ ಹೆಸರು. ಆದರೆ ಹೆಸರು ಕೇಳಿ, ಕಡ್ಡಿ ಮುರಿದ ಹಾಗೆ ಉತ್ತರ ಸಿಕ್ಕೀತೆಂದು ಬಂದವರು ಮೊದಲಿಗಿಂತ ಹೆಚ್ಚು ಗೊಂದಲ ಹೊತ್ತುಕೊಂಡು ಹೋಗುತ್ತಾರೆ.

“ಡಿಸ್ಕ್ ಬ್ರೇಕ್ ಒಳ್ಳೇದಾ, ಹಳೇ ರಿಮ್ ಬ್ರೇಕ್ ಒಳ್ಳೇದಾ ಅಂತ ದಿನಾ ಯಾರಾದ್ರೂ ಕೇಳ್ತಾರೆ. ಬೆಳಗ್ಗೆ ಬಂದೋರಿಗೆ ಒಂದು ಹೇಳ್ತೀನಿ, ಸಾಯಂಕಾಲ ಬಂದೋರಿಗೆ ಇನ್ನೊಂದು. ಎರಡೂ ಸುಳ್ಳಲ್ಲ ನೋಡಿ, ಅದೇ ತೊಂದರೆ” ಎನ್ನುತ್ತಾರೆ.

ಬೇರೆಯವರ ಸೈಕಲ್ಲಿಗಾದರೆ ಹೀಗೆ ಎರಡು ನಾಲಿಗೆ ನಡೆಯುತ್ತದೆ. ನಾಳೆ ಬೆಳಿಗ್ಗೆ ನಡೆಯುವುದಿಲ್ಲ. ಕೋಣೆಯ ಒಳಗೋಡೆಗೆ ಎರಡು ತೆಳುಗಾಲಿಯ ರೇಸ್ ಸೈಕಲ್ಲುಗಳು ಪಕ್ಕಪಕ್ಕದಲ್ಲಿ ತೂಗುತ್ತಿವೆ. ಎಡಗಡೆಯದು ಹಳೆಯದು, ರಿಮ್ ಬ್ರೇಕಿನದು. ಬಲಗಡೆಯದು ಹೊಸದು, ಡಿಸ್ಕ್ ಬ್ರೇಕಿನದು. ಎರಡೂ ಅವರ ತಂಗಿಯವೇ. ತಂಗಿ ಗುಡ್ಡದ ಮೇಲಿನ ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ಸೈಕಲ್ ತುಳಿದು ಹತ್ತುತ್ತಾರೆ, ಸಂಜೆ ಅದೇ ಸೈಕಲ್ಲಿನಲ್ಲಿ ಇಳಿಯುತ್ತಾರೆ. ಹೋದ ಮಳೆಗಾಲದಲ್ಲಿ, ಇಳಿಯುವಾಗ, ಕೊನೆಯ ತಿರುವಿನಲ್ಲಿ ರಿಮ್ ಬ್ರೇಕು ಒದ್ದೆಗೆ ಜಾರಿ ನೇರ ಗೋಡೆಗೆ ಹೋಗಿ ಹೊಡೆದರು. ಹೆಗಲ ಮೂಳೆ ಮುರಿಯಿತು. ನಾಳೆ ರಜೆ ಮುಗಿದು ಶಾಲೆ ಮತ್ತೆ ಶುರು. ಮಳೆಯೂ ಮತ್ತೆ ಶುರು.

“ನಾಳೆ ಬೆಳಗ್ಗೆ ಯಾವ ಸೈಕಲ್ಲು ಹೊರಗಿಡ್ತೀಯೋ ಅದನ್ನ ಹತ್ಕೊಂಡು ಹೋಗ್ತೀನಿ ಅಂದುಬಿಟ್ಟಿದಾಳೆ” ಎನ್ನುತ್ತಾ ಕಡ್ಡಿಯಕ್ಕ ಹೊಸ ಸೈಕಲ್ಲನ್ನು ಕೊಕ್ಕೆಯಿಂದ ಇಳಿಸುತ್ತಾರೆ. “ಜಗಳ ಆಡಿದ್ರೆ ಆಡಬಹುದಿತ್ತು. ಹೀಗೆ ನಂಬಿಬಿಟ್ರೆ ಏನು ಮಾಡೋದು ಹೇಳಿ.”

ಅಪ್ಪನಿಂದ ಬಂದ ಕಸುಬು. ಶಾಲೆ ಬಿಟ್ಟ ವರ್ಷ ಅಪ್ಪ “ಸುಮ್ನೆ ಕೂತ್ಕೊಂಡು ಗೋಡೆ ನೋಡಬೇಡ, ಈ ಚಕ್ರ ನೋಡು” ಎಂದು ಒಂದು ಸೊಟ್ಟ ಚಕ್ರವನ್ನು ಮಡಿಲಿಗೆ ಹಾಕಿದರಂತೆ. ಅಪ್ಪ ತೀರಿಕೊಂಡಾಗ ತಂಗಿ ಇನ್ನೂ ಅಕ್ಷರ ತಿದ್ದುತ್ತಿದ್ದಳು. ಅಂಗಡಿಯೂ ತಂಗಿಯೂ ಒಟ್ಟಿಗೇ ಕೈಗೆ ಬಂದವು. ಆಗ ಹೆಂಗಸು ಸ್ಪ್ಯಾನರ್ ಹಿಡಿದದ್ದನ್ನು ಕಂಡು ಬಾಗಿಲಿನಿಂದಲೇ ತಿರುಗಿ ಹೋಗುವವರು ಬಹಳ.

“‘ಮೆಕ್ಯಾನಿಕ್ ಇಲ್ವಾ?’ ಅಂತ ಕೇಳೋರು. ‘ಊಟಕ್ಕೆ ಹೋಗಿದಾನೆ, ಬರೋ ತನಕ ನಾನು ಒಂಚೂರು ನೋಡಿರ್ತೀನಿ ಕೊಡಿ’ ಅನ್ನೋಳು ನಾನು. ಆ ಮೆಕ್ಯಾನಿಕ್ ಇನ್ನೂ ಊಟ ಮುಗಿಸಿ ಬಂದಿಲ್ಲ.”

ಈಗ ದಿನಕ್ಕೆ ಹತ್ತು ಹನ್ನೆರಡು ಸೈಕಲ್ಲು ಬರುತ್ತವೆ. ಅರ್ಧಕ್ಕರ್ಧ ಪಂಕ್ಚರು, ಉಳಿದದ್ದರಲ್ಲಿ ಹೆಚ್ಚು ಬ್ರೇಕು, ವಾರಕ್ಕೆ ಐದಾರು ಸೊಟ್ಟ ಚಕ್ರ. ಮಂಡಿ ಊದುತ್ತದೆ, ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಬಗ್ಗುವುದಿಲ್ಲ. “ನಾನು ಹಾಕಿದ ಪಂಕ್ಚರ್ ಪಟ್ಟಿಯನ್ನೆಲ್ಲ ಸಾಲಾಗಿ ಅಂಟಿಸಿದ್ರೆ ಗುಡ್ಡದ ಮೇಲಿನ ಶಾಲೆ ಮುಟ್ಟುತ್ತೆ. ಅವಳು ಅಲ್ಲಿ ಟೀಚರ್ ಆಗಿದ್ದು ಹಂಗೇ” ಎಂದು ನಗುತ್ತಾರೆ.

ಬ್ರೇಕಿನ ವಿಷಯಕ್ಕೆ ಬಂದರೆ ನಗು ನಿಲ್ಲುತ್ತದೆ. ಹಳೆಯ ಸೈಕಲ್ಲಿನ ಲಿವರ್ ಒತ್ತಿ ತೋರಿಸುತ್ತಾರೆ. ಕೇಬಲ್ ಎಳೆಯುವುದು, ಎರಡು ರಬ್ಬರ್ ತುಂಡುಗಳು ಎರಡೂ ಕಡೆಯಿಂದ ಬಂದು ರಿಮ್ಮನ್ನು ಕಚ್ಚುವುದು, ಎಲ್ಲ ಕಣ್ಣೆದುರಿಗೆ. “ಇದು ನಮ್ಮನೆ ಜಗಳದ ಹಾಗೆ, ಎಲ್ಲಾ ಹೊರಗೇ ಇದೆ. ಕೇಬಲ್ ಬಿಟ್ಟಿದ್ಯಾ, ಕಾಣುತ್ತೆ. ರಬ್ಬರ್ ಸವೆದಿದ್ಯಾ, ಕಾಣುತ್ತೆ. ಹಗುರ. ನಡುದಾರೀಲಿ ಕೈ ಕೊಟ್ರೂ ಯಾವುದೋ ಒಂದು ಅಂಗಡೀಲಿ ಸಾಮಾನು ಸಿಗುತ್ತೆ. ಆದ್ರೆ ರಿಮ್ಮು ಒದ್ದೆ ಆಯ್ತೋ, ಹಿಡಿಯೋಕೆ ಮುಂಚೆ ಅದು ಯೋಚನೆ ಮಾಡುತ್ತೆ. ಅವಳು ಬಿದ್ದಿದ್ದು ಆ ಯೋಚನೇಲೇ.”

ಆಮೇಲೆ ಹೊಸದನ್ನು ತೋರಿಸುತ್ತಾರೆ. ಚಕ್ರದ ನಡುವಿನ ಹತ್ತಿರ ಊಟದ ತಟ್ಟೆಗಿಂತ ಚಿಕ್ಕದಾದ ಒಂದು ಉಕ್ಕಿನ ಬಿಲ್ಲೆ. ಅದನ್ನು ಅಪ್ಪಿಕೊಂಡ ಒಂದು ಪುಟ್ಟ ಡಬ್ಬಿ. ಡಬ್ಬಿಯೊಳಗೆ ಎರಡು ಪ್ಯಾಡು. ಲಿವರಿನಿಂದ ಅಲ್ಲಿಯವರೆಗೆ ಸಣ್ಣ ಪೈಪಿನಲ್ಲಿ ಎಣ್ಣೆ. “ಇದಕ್ಕೆ ಮಳೆ ಬಂದ್ರೂ ಒಂದೇ, ಬಿಸಿಲಾದ್ರೂ ಒಂದೇ, ಕಿರುಬೆರಳಲ್ಲಿ ಒತ್ತಿದ್ರೆ ಸಾಕು. ರಿಮ್ಮು ಸವೆಯೋದಿಲ್ಲ. ಆದ್ರೆ ಭಾರ. ಪ್ಯಾಡು ದುಬಾರಿ. ಒಂಚೂರು ಆಚೀಚೆ ಆದ್ರೆ ದಾರಿಯುದ್ದಕ್ಕೂ ಷಿಕ್ ಷಿಕ್ ಅಂತ ಉಜ್ಜುತ್ತೆ. ಚಕ್ರ ಬಿಚ್ಚಿದಾಗ ಮರೆತು ಲಿವರ್ ಒತ್ತಿದ್ರೆ ಪ್ಯಾಡುಗಳು ಒಳಗೇ ಬಾಯಿ ಮುಚ್ಚಿಕೊಂಡು ಕೂತ್ಬಿಡುತ್ತವೆ. ಮತ್ತೆ ಏನಾಗ್ತಿದೆ ಅನ್ನೋದು ನಮಗೆ ಕಾಣೋದೇ ಇಲ್ಲ. ಕಾಣದ್ದನ್ನ ಹೆಂಗೆ ನಂಬೋದು?”

ತಂಗಿ ಇದಕ್ಕೆ ಒಮ್ಮೆ “ದೇವರನ್ನ ನೋಡಿದ್ಯಾ? ನಂಬಲ್ವಾ?” ಎಂದಿದ್ದರಂತೆ. “ದೇವರ ಬ್ರೇಕ್ ಟೈಟ್ ಮಾಡೋ ಕೆಲಸ ನಂದಲ್ಲ ಕಣೇ, ನಿನ್ನ ಬ್ರೇಕಿಂದು ನಂದು” ಎಂದು ಅಕ್ಕ ಬಾಯಿ ಮುಚ್ಚಿಸಿದ್ದರು.

ಹಳ್ಳಿಯ ಜಗಲಿಗಳಲ್ಲಿ ಹಿರಿಯರು ಹೇಳುವ ಒಂದು ಕತೆಯಿದೆ. ಕುರುಡನೊಬ್ಬ ಊರುಗೋಲು ಮಾಡುವವನ ಬಳಿ ಹೋಗಿ ಎರಡು ಕೋಲು ಮುಟ್ಟಿ ನೋಡಿದ. “ಇದರಲ್ಲಿ ಮುರಿಯದೇ ಇರೋದು ಯಾವುದಪ್ಪ?” ಎಂದ. ಕೋಲಿನವನು ಹೇಳಿದ: “ಸ್ವಾಮಿ, ಮುರಿದ ಕೋಲಿನ ವಿಷಯ ಕೇಳಿ, ಹೇಳ್ತೀನಿ. ಮುರಿಯದ್ದು ನನಗೆ ತಿಳಿಯೋದಿಲ್ಲ.” ಕಡ್ಡಿಯಕ್ಕನ ಪಾಡೂ ಹಾಗೇ. ಅವರ ಅಂಗಡಿಗೆ ಬರುವುದೆಲ್ಲ ಕೆಟ್ಟ ಬ್ರೇಕುಗಳೇ.

ಅದರಲ್ಲೂ ಈ ಹೊಸ ಸೈಕಲ್ಲು ಅವರ ನಿದ್ದೆ ಕೆಡಿಸಿದೆ. ತಂದ ವಾರದೊಳಗೆ ಅದರ ಬ್ರೇಕು ಊಳಿಡಲು ಶುರುಮಾಡಿತು. ಬರೀ ಕೂಗಲ್ಲ, ಹಿಡಿತವೂ ಸಡಿಲ. ಲಿವರ್ ಪೂರ್ತಿ ಒತ್ತಿದರೂ ಸೈಕಲ್ಲು ಮುಂದೆ ಮುಂದೆ ಹೋಗುತ್ತದೆ. ಅದನ್ನು ಮಾರಿದವನು ಬೀದಿಯ ಆ ತುದಿಯ ಗಾಜಿನ ಅಂಗಡಿಯವನು, ಮೂವತ್ತರ ಆಸುಪಾಸಿನ ಮೆದುಮಾತಿನ ಮನುಷ್ಯ. ಅವನು ಡಿಸ್ಕನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ತನ್ನ ಖರ್ಚಿನಲ್ಲೇ ಹೊಸ ಪ್ಯಾಡು ಹಾಕಿಕೊಟ್ಟ. ಕೆಲವೇ ದಿನಕ್ಕೆ ಮತ್ತೆ ಊಳು. ಎರಡನೇ ಸಲ ಹೋದಾಗ ಕಡ್ಡಿಯಕ್ಕ ಗಿರಾಕಿಗಳೆದುರಿಗೇ ದನಿ ಎತ್ತರಿಸಿದರು: “ಗಾಜಿನ ಒಳಗೆ ದೀಪ ಹಾಕಿ ಇಟ್ರೆ ಖೋಟಾ ಮಾಲು ಅಸಲಿ ಆಗುತ್ತಾ?” ಅವನು ಮುಖ ಕೆಂಪಗೆ ಮಾಡಿಕೊಂಡು ಒಂದೇ ಮಾತು ಕೇಳಿದ: “ಎಲ್ಲಾದ್ರೂ ಎಣ್ಣೆ ತಾಗಿತ್ತಾ ಅಕ್ಕ?”

“ಸೈಕಲ್ ಅಂಗಡೀಲಿ ಎಣ್ಣೆ ಇಲ್ದೆ ಹಾಲು ಇರುತ್ತಾ ಅಂತ ಕೇಳಿ ಎದ್ದು ಬಂದೆ” ಎಂದು ಕಡ್ಡಿಯಕ್ಕ ಹೇಳುತ್ತಾರೆ. ಆ ಮಾತಿನ ಬಗ್ಗೆ ಅವರಿಗೆ ಈ ಬೆಳಗಿನವರೆಗೆ ಒಂದಿಷ್ಟು ಹೆಮ್ಮೆಯೂ ಇದೆ.

ನಿನ್ನೆ ಟೀಚರ್ ಒಬ್ಬರೇ ಹೋಗಿ, ಮೂರನೇ ಜೊತೆ ಪ್ಯಾಡು ಹಾಕಿಸಿಕೊಂಡು ಬಂದಿದ್ದಾರೆ. ಕಡ್ಡಿಯಕ್ಕ ಈಗ ಸೈಕಲ್ಲನ್ನು ಹೊರಗೆ ತಂದು, ರಸ್ತೆಯ ಇಳಿಜಾರಿನಲ್ಲಿ ಮೇಲಿನಿಂದ ಕೆಳಕ್ಕೆ ತಾವೇ ಬಿಟ್ಟುಕೊಂಡು ಬರುತ್ತಾರೆ. ಲಿವರ್ ಒತ್ತಿದರೆ ಸದ್ದೇ ಇಲ್ಲ, ಕಟ್ಟಿಹಾಕಿದಂತೆ ನಿಲ್ಲುತ್ತದೆ. ಮತ್ತೆ ಹತ್ತಿ, ಮತ್ತೆ ಇಳಿದು ನೋಡುತ್ತಾರೆ. ಅದೇ ಹಿಡಿತ. ಮುಖ ಅರಳುತ್ತದೆ.

“ನೋಡಜ್ಜ, ಹೆಂಗೆ ನಿಂತ್ಕೊಳ್ತು!” ಎಂದು ಕೂಗಿ ಹೇಳುವುದು ಮೆಟ್ಟಿಲ ಮೇಲೆ ಚಹಾ ಲೋಟ ಹಿಡಿದು ಕೂತ ಬಸ್ಸಜ್ಜನಿಗೆ. ಬದುಕಿಡೀ ಗುಡ್ಡದ ರಸ್ತೆಯಲ್ಲಿ ಬಸ್ಸು ಓಡಿಸಿ ನಿವೃತ್ತರಾದ ಹಿರಿಯರು. ದಿನಾ ಬರುತ್ತಾರೆ, ದಿನಾ ಒಂದು ಸಲಹೆ ಕೊಡುತ್ತಾರೆ.

“ನಾನು ಮೊದಲೇ ಹೇಳಿರಲಿಲ್ವಾ, ಡಿಸ್ಕೇ ಸರಿ ಅಂತ.”

“ನಿನ್ನೆ ರಿಮ್ಮೇ ಸರಿ ಅಂದ್ರಿ.”

“ನಿನ್ನೆ ಬಿಸಿಲಿತ್ತಲ್ಲಮ್ಮ.”

ಕಡ್ಡಿಯಕ್ಕ ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸುತ್ತಾರೆ. ಹೆಗಲ ಬಟ್ಟೆ ಕೈಗೆ ಬರುತ್ತದೆ. ಹ್ಯಾಂಡಲ್ಲು, ಸರಳುಗಳು, ಚೈನು, ಕಡ್ಡಿಗಳು, ಆಮೇಲೆ ಎರಡೂ ಡಿಸ್ಕುಗಳು, ಮಳೆಹನಿ ಉಳಿಯದ ಹಾಗೆ ನಿಧಾನಕ್ಕೆ ಒರೆಸುತ್ತಾರೆ. ಯಾರ ಸೈಕಲ್ಲನ್ನೂ ಒರೆಸದೆ ಕೊಟ್ಟದ್ದಿಲ್ಲ. ಸ್ನಾನ ಮಾಡಿಸಿದ ಮಗುವಿನ ಕಿವಿಯ ಹಿಂದೆ ಒರೆಸುವ ಹಾಗೆ, ಯಾರೂ ನೋಡದ ಸಂದಿಗಳಲ್ಲೂ ಬಟ್ಟೆಯ ತುದಿ ಹೋಗಿಬರುತ್ತದೆ.

ಮೇಲಿನ ಕೋಣೆಯಿಂದ ಟೀಚರ್ ಇಳಿದು ಬರುತ್ತಾರೆ. ಇನ್ನೂ ನಿದ್ದೆಗಣ್ಣು. ಎಡ ಹೆಗಲು ಬಲಕ್ಕಿಂತ ಒಂಚೂರು ತಗ್ಗು.

“ಸರಿ ಹೋಯ್ತಾ ಅಕ್ಕ?”

“ಚಿನ್ನದ ಹಾಗೆ ಇದೆ. ಒಂದು ಸುತ್ತು ಹೋಗಿ ಬಾ ಪುಟ್ಟಿ.”

ಟೀಚರ್ ಹತ್ತಿ ಹೋಗುತ್ತಾರೆ. ತಿರುಗಿ ಇಳಿಯುವಾಗ ಬ್ರೇಕ್ ಒತ್ತುತ್ತಾರೆ. ಬೀದಿಯ ನಾಯಿಯೊಂದು ಎದ್ದು ಕೂರುವ ಹಾಗೆ ಊಳು ಏಳುತ್ತದೆ. ಸೈಕಲ್ಲು ಅಂಗಡಿ ದಾಟಿ, ಪಕ್ಕದ ಬಾಗಿಲು ದಾಟಿ, ಕಾಲು ನೆಲಕ್ಕೆ ಕೊಟ್ಟ ಮೇಲೆ ನಿಲ್ಲುತ್ತದೆ.

ಬಸ್ಸಜ್ಜನ ಲೋಟ ತುಟಿಯ ಹತ್ತಿರ ನಿಂತಿದೆ.

“ನಿನ್ನ ಕಂಡ್ರೆ ಆಗಲ್ಲ ಅದಕ್ಕೆ” ಎಂದು ಅವರೇ ಮೊದಲು ಹೇಳುತ್ತಾರೆ. “ನಿಮ್ಮಕ್ಕ ಬಿಟ್ಟಾಗ ಸುಮ್ನಿತ್ತು.”

“ನಾನು ಬಿಟ್ಟಾಗ ಸರಿ ಇತ್ತು ಕಣೇ” ಎಂದು ಕಡ್ಡಿಯಕ್ಕನೂ ಗಾಬರಿಯಲ್ಲಿ ಹೇಳುತ್ತಾರೆ. “ಆಮೇಲೆ ನಾನು ಏನೂ ಮಾಡಿಲ್ಲ. ಸ್ಪ್ಯಾನರ್ ಮುಟ್ಟಿಲ್ಲ. ಬರೀ ಒರೆಸಿದೆ.”

ಟೀಚರ್ ಬಗ್ಗಿ ಡಿಸ್ಕಿನ ಮೇಲೆ ಬೆರಳಾಡಿಸುತ್ತಾರೆ. ಬೆರಳ ತುದಿಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಅಲ್ಲಿ ತೆಳ್ಳಗೆ ಹೊಳೆಯುವ ಕಪ್ಪು. ಬೆರಳಿನಿಂದ ಅವರ ಕಣ್ಣು ಅಕ್ಕನ ಹೆಗಲಿಗೆ ಹೋಗುತ್ತದೆ, ಚೈನುಗಳ ಎಣ್ಣೆ ಕುಡಿದು ಕುಡಿದು ಬಣ್ಣ ಕಳೆದುಕೊಂಡ ಆ ಬಟ್ಟೆಗೆ.

ಬಾಯಿ ಬಿಟ್ಟು ಹೇಳುವ ಅಗತ್ಯವಿಲ್ಲ. ಕಡ್ಡಿಯಕ್ಕ ಬಟ್ಟೆಯನ್ನು ಹೆಗಲಿನಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದಿದ್ದಾರೆ. ರಿಮ್ ಬ್ರೇಕಿನ ಸೈಕಲ್ಲಿನಲ್ಲಿ ಚೈನಿನ ಹತ್ತಿರ ಒರೆಸುವ ಜಾಗ ಬೇರೆ, ಬ್ರೇಕು ಕಚ್ಚುವ ಜಾಗ ಬೇರೆ. ರಿಮ್ಮನ್ನು ಅವರು ಯಾವಾಗಲೂ ನೀರಿನಲ್ಲಿ ತೊಳೆಯುತ್ತಾರೆ, ಅಪ್ಪ ಕಲಿಸಿದ್ದು ಹಾಗೆ. ನಡುವಿನಲ್ಲಿರುವ ಉಕ್ಕೆಲ್ಲ ಅವರ ಕೈಗೆ ಎಣ್ಣೆ ಬಟ್ಟೆಯಲ್ಲಿ ಒರೆಸಬೇಕಾದ ಉಕ್ಕು. ಅಲ್ಲೊಂದು ಬ್ರೇಕು ಬಂದು ಕೂತಿದೆಯೆಂದು ಕೈಗೆ ಯಾರೂ ಹೇಳಿರಲಿಲ್ಲ.

“ಹಂಗಾದ್ರೆ ಮೂರು ಸಲಾನೂ…” ಎಂದು ಶುರುಮಾಡಿ ನಿಲ್ಲಿಸುತ್ತಾರೆ. ಸ್ಟೂಲಿನ ಮೇಲೆ ಕೂರುತ್ತಾರೆ. “ನೀನು ಇಳೀತಿದ್ದಾಗ ಆ ಬ್ರೇಕು ಬಿಟ್ಟಿದ್ರೆ? ನಾನೇ ಒರೆಸಿ ಒರೆಸಿ ಕಳಿಸ್ತಿದ್ದೆ.”

“ಬಿಟ್ಟಿಲ್ಲವಲ್ಲ ಅಕ್ಕ.”

“ಬಿಟ್ಟಿದ್ರೆ?”

ಟೀಚರ್ ಅಕ್ಕನ ಪಕ್ಕ ಮೆಟ್ಟಿಲ ಮೇಲೆ ಕೂರುತ್ತಾರೆ. ನೋಯಿಸುವುದಕ್ಕೆ ದ್ವೇಷವೇ ಬೇಕೆಂದಿಲ್ಲ, ತಿಳಿಯದ ಪ್ರೀತಿಯೂ ಸಾಕು. ಅದಕ್ಕೇ ಹಿರಿಯರು ದೇವರಲ್ಲಿ ಭಕ್ತಿ ಕೊಡು ಎನ್ನುವ ಮುಂಚೆ ಬುದ್ಧಿ ಕೊಡು ಎಂದು ಬೇಡುತ್ತಿದ್ದರು.

ಬಸ್ಸಜ್ಜ ಗಂಟಲು ಸರಿಮಾಡಿಕೊಳ್ಳುತ್ತಾರೆ. “ಒಟ್ನಲ್ಲಿ ಡಿಸ್ಕು ಮಡಿ ಹೆಂಗಸು ಕಣಮ್ಮ. ಮುಟ್ಟಿದ್ರೆ ಕೂಗ್ತಾಳೆ.”

ಅಕ್ಕತಂಗಿಯರಿಬ್ಬರಿಗೂ ಬೇಡ ಬೇಡವೆಂದರೂ ನಗು ಬರುತ್ತದೆ.

ಗಾಜಿನ ಅಂಗಡಿಗೆ ಹೋಗಲು ಕಡ್ಡಿಯಕ್ಕ ಏಳುವುದಿಲ್ಲ. “ನೀನೇ ಹೋಗಿ ಪ್ಯಾಡು ತಗೊಂಡು ಬಾ. ಈ ಸಲ ದುಡ್ಡು ಕೊಟ್ಟು ತಗೋ. ನನ್ನ ವಿಷಯ ಏನೂ ಹೇಳಬೇಡ.” ಯಾಕೆಂದು ತಂಗಿ ಕೇಳಿದರೆ, “ತಪ್ಪು ನಂದೇ ಅಂತ ಇನ್ನೂ ಖಾತ್ರಿ ಆಗಿಲ್ಲವಲ್ಲ. ನಾಳೆ ಇಳಿದು ಬಾ, ಆಮೇಲೆ ನೋಡೋಣ” ಎನ್ನುತ್ತಾರೆ. ಅಭಿಮಾನವೂ ಬ್ರೇಕಿನ ಹಾಗೆಯೇ, ಬಿಡುವಾಗ ಸ್ವಲ್ಪ ಉಜ್ಜುತ್ತದೆ.

ಪ್ಯಾಡು ಬರುತ್ತದೆ. ಹೊಸ ಬಿಳಿ ಬಟ್ಟೆ, ಸ್ಪಿರಿಟ್ಟಿನ ಸೀಸೆ ಬರುತ್ತವೆ. ಒರೆಸುವುದು ಟೀಚರ್. ಕಡ್ಡಿಯಕ್ಕ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಪರೀಕ್ಷೆಯಲ್ಲಿ ಪಕ್ಕದವರ ಹಾಳೆ ನೋಡುವ ಮಗುವಿನ ಹಾಗೆ ಬಗ್ಗಿ ನೋಡುತ್ತಾರೆ. “ಆ ಕಡೆ ಒಂದು ಚೂರು ಉಳೀತು… ಅಲ್ಲಲ್ಲ, ಮೇಲೆ… ಕೊಡೇ ಇಲ್ಲಿ… ಬೇಡ ಬೇಡ, ನೀನೇ ಮಾಡು.” ಪ್ಯಾಡು ಹಾಕುವ ಹೊತ್ತಿಗೆ ಸೋಪಿನಿಂದ ಕೈ ತೊಳೆದು, ಮತ್ತೆ ತೊಳೆದು, ಮೂಸಿ ನೋಡಿ, ಕೊನೆಗೆ ಮುಟ್ಟುತ್ತಾರೆ. ಇಳಿಜಾರಿನಲ್ಲಿ ನಾಲ್ಕಾರು ಸಲ ಇಳಿಸಿ ಪ್ಯಾಡಿಗೆ ಹಿಡಿತ ಕಲಿಸುತ್ತಾರೆ. ಊಳಿಲ್ಲ.

ಹಾಗಾದರೆ ಈಗ ಡಿಸ್ಕೇ ಒಳ್ಳೆಯದೆಂದು ಆಯಿತೇ?

“ಹಂಗೂ ಅಲ್ಲ” ಎಂದು ಅವರು ಹಣೆ ಉಜ್ಜಿಕೊಳ್ಳುತ್ತಾರೆ. “ರಿಮ್ ಬ್ರೇಕು ಇಷ್ಟು ವರ್ಷ ನನ್ನ ಬಟ್ಟೇನೂ ತಡ್ಕೊಂಡಿತ್ತು, ನನ್ನ ಅಜ್ಞಾನಾನೂ ತಡ್ಕೊಂಡಿತ್ತು. ಅದು ದೊಡ್ಡ ಗುಣ ಅಲ್ವಾ? ಇದು ಎಲ್ಲಾ ಸರಿ ಇದ್ರೆ ದೇವತೆ, ಒಂದು ಬೆರಳು ತಪ್ಪಿದ್ರೆ ಪಿಶಾಚಿ. ನನಗೆ ನಿಜವಾಗ್ಲೂ ಗೊತ್ತಿಲ್ಲ.”

ಸೋಮವಾರ ಬೆಳಿಗ್ಗೆ ಮಳೆಗೆ ಯಾವ ಅನುಮಾನವೂ ಇಲ್ಲ. ಸುರಿಯುತ್ತಿದೆ. ಟೀಚರ್ ಮಳೆಯಂಗಿ ತೊಟ್ಟು ಇಳಿದು ಬಂದಾಗ ಷಟರಿನ ಹೊರಗೆ ನಿಂತಿರುವುದು ಹೊಸ ಸೈಕಲ್ಲು. ಅದರ ಮೈಮೇಲೆ ನಿನ್ನೆಯ ಕೆಸರಿನ ಚುಕ್ಕೆಗಳು ಹಾಗೇ ಇವೆ. ಟೀಚರ್ ಅದನ್ನೂ ನೋಡುತ್ತಾರೆ, ಅಕ್ಕನನ್ನೂ ನೋಡುತ್ತಾರೆ.

“ಹಳೇದು ಹಿಡಿತ ಬಿಟ್ಟಿದ್ದು ಮಳೆಯಿಂದ. ಇದು ಬಿಟ್ಟಿದ್ದು ನನ್ನ ಕೈಯಿಂದ” ಎನ್ನುತ್ತಾರೆ ಕಡ್ಡಿಯಕ್ಕ. “ಮಳೇನ ತಡೆಯೋಕಾಗಲ್ಲ. ಕೈಯನ್ನ ತಡೀಬಹುದು. ಅಷ್ಟೇ ನನಗೆ ತಿಳಿದಿದ್ದು. ಹೋಗು, ಹೊತ್ತಾಯ್ತು.”

ಆ ದಿನ ಅಂಗಡಿಗೆ ಬಂದವರಿಗೆಲ್ಲ ಕಡ್ಡಿಯಕ್ಕ ಅರ್ಧ ಮಾತಾಡುತ್ತಾರೆ, ಅರ್ಧ ಗುಡ್ಡದ ಕಡೆ ನೋಡುತ್ತಾರೆ. ಒಬ್ಬರ ಮುಂದಿನ ಚಕ್ರದ ಪಂಕ್ಚರನ್ನು ಹಿಂದಿನದರಲ್ಲಿ ಹುಡುಕುತ್ತಾರೆ. ಮಧ್ಯೆ ಒಮ್ಮೆ ತಮ್ಮ ಆಸೆಯನ್ನೂ ಹೇಳುತ್ತಾರೆ: ಕೋಣೆಯ ಆ ಕೊನೆಯಲ್ಲಿ ಒಂದು ಹಲಗೆ ಅಡ್ಡ ಹಾಕಿ, ಎಣ್ಣೆ ಸುಳಿಯದ ಒಂದು ಮೂಲೆ ಮಾಡಬೇಕು. ಅಲ್ಲಿ ಕೂತು ಡಿಸ್ಕಿನ ಕೆಲಸವನ್ನು ಮೊದಲಿನಿಂದ ಕಲಿಯಬೇಕು. “ಯಾರಾದ್ರೂ ಕಲಿಸ್ತೀನಿ ಅಂದ್ರೆ. ಈ ವಯಸ್ಸಲ್ಲಿ ಕಲಿಸೋರು ಸಿಗೋದು ಕಷ್ಟ, ಬೈಯೋರು ಬೇಕಾದಷ್ಟು ಸಿಗ್ತಾರೆ.”

ಸಂಜೆ ಶಾಲೆ ಬಿಡುವ ಹೊತ್ತಿಗೆ ಮಳೆ ಇನ್ನೂ ಜೋರು. ರಸ್ತೆಯ ಎರಡೂ ಬದಿ ನೀರು ಕಾಲುವೆಯಾಗಿ ಹರಿಯುತ್ತಿದೆ. ಕಡ್ಡಿಯಕ್ಕ ಛತ್ರಿ ಹಿಡಿದು ಕೊನೆಯ ತಿರುವಿನ ಎದುರಿಗೆ ಹೋಗಿ ನಿಲ್ಲುತ್ತಾರೆ. ಬಸ್ಸಜ್ಜನೂ ಛತ್ರಿಯಡಿಗೆ ನುಸುಳುತ್ತಾರೆ. ಈ ಸಲ ಸಲಹೆಯಿಲ್ಲ. ಮಳೆಯ ಸದ್ದಿನಲ್ಲಿ ಇಬ್ಬರೂ ಇನ್ನೊಂದು ಸದ್ದಿಗೆ ಕಿವಿಗೊಟ್ಟಿದ್ದಾರೆ, ಅದು ಬಾರದಿರಲಿ ಎಂದು. ಕಡ್ಡಿಯಕ್ಕನ ತುಟಿ ಅಲುಗುತ್ತಿದೆ. ಕಾಣದ್ದನ್ನು ಹೇಗೆ ನಂಬುವುದೆಂದು ಕೇಳಿದವರು ಕಾಣದ ಒಂದನ್ನೇ ಕರೆಯುತ್ತಿದ್ದಾರೆ.

ತಿರುವಿನಾಚೆ ಒಂದು ಪುಟ್ಟ ಬೆಳಕು ಕಾಣುತ್ತದೆ. ಬೆಳಕು ವೇಗವಾಗಿ ಬರುತ್ತದೆ, ತಿರುವಿಗೆ ಮುಂಚೆ ನಿಧಾನವಾಗುತ್ತದೆ, ವಾಲಿಕೊಂಡು ತಿರುಗುತ್ತದೆ, ಗೋಡೆಯನ್ನು ಎಡಕ್ಕೆ ಬಿಟ್ಟು ನೇರವಾಗಿ ಬಂದು ಛತ್ರಿಯ ಮುಂದೆ ನಿಲ್ಲುತ್ತದೆ. ನೀರು ಸೀಳುವ ಗಾಲಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

“ಇಲ್ಲೇನು ಮಾಡ್ತಿದೀರಾ ಇಬ್ಬರೂ, ನೆನ್ಕೊಂಡು?” ಎನ್ನುತ್ತಾರೆ ಟೀಚರ್, ಮುಖದ ನೀರು ಒರೆಸುತ್ತಾ. “ಅಕ್ಕ, ಹೊಟ್ಟೆ ಹಸೀತಿದೆ.”

“ನಡಿ, ನಾನು ಬಂದೆ” ಎಂದಷ್ಟೇ ಹೇಳಿ ಕಡ್ಡಿಯಕ್ಕ ಅಂಗಡಿಯೊಳಗೆ ಹೋಗುತ್ತಾರೆ. ಹಿಂದಿನ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತ ಒಂದು ಚಕ್ರವನ್ನು ಎಳೆದು ತರುತ್ತಾರೆ. ಯಾರದೆಂದು ಬಸ್ಸಜ್ಜ ಹುಬ್ಬಿನಲ್ಲೇ ಕೇಳುತ್ತಾರೆ. ಗಾಜಿನ ಅಂಗಡಿಯವನದು. ಬೆಂಡ್ ತೆಗೆಯುವ ಕೆಲಸ ಅವನಿಗೆ ಬಾರದು, ಇವರ ಬಳಿಗೇ ಕಳಿಸುತ್ತಾನೆ. ಜಗಳದ ದಿನದಿಂದ ಇದನ್ನು ಇವರು ಮುಟ್ಟಿರಲಿಲ್ಲ. ಅವನೂ ಕೇಳಿರಲಿಲ್ಲ.

ಚಕ್ರ ಸ್ಟ್ಯಾಂಡಿಗೆ ಏರುತ್ತದೆ. ಒಂದೊಂದು ಕಡ್ಡಿಯನ್ನೂ ಬೆರಳಿನಲ್ಲಿ ಮೀಟಿ, ತಂಬೂರಿ ಶ್ರುತಿ ಮಾಡುವವರ ಹಾಗೆ ಕಿವಿ ಹತ್ತಿರ ತರುತ್ತಾರೆ. ಇಲ್ಲಿ ಕಾಲು ತಿರುವು ಬಿಗಿ, ಅಲ್ಲಿ ಅರ್ಧ ಸಡಿಲ. ಈ ಕೆಲಸದಲ್ಲಿ ಅವರಿಗೆ ಯಾವ ಗೊಂದಲವೂ ಇಲ್ಲ. ಸೊಟ್ಟ ಮೆಲ್ಲಗೆ ಕರಗಿ ಚಕ್ರ ನೀರಿನ ಸುಳಿಯ ಹಾಗೆ ನಿಂತಲ್ಲೇ ತಿರುಗತೊಡಗುತ್ತದೆ.

ಗಾಜಿನ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದಾರೆ. ಬಾಗಿಲಲ್ಲಿ ಕಡ್ಡಿಯಕ್ಕನನ್ನು ಕಂಡು ಅಂಗಡಿಯವನು ಎದ್ದು ನಿಲ್ಲುತ್ತಾನೆ.

“ಮತ್ತೆ ಕೂಗಿತಾ ಅಕ್ಕ?”

“ಇಲ್ಲಪ್ಪ. ನಿನ್ನ ಪ್ಯಾಡು ಮೂರು ಸಲಾನೂ ಸರಿಯಾಗೇ ಇತ್ತು. ಎಣ್ಣೆ ನಂದು.” ಗಿರಾಕಿಗಳಿಗೆ ಕೇಳಿಸುವಷ್ಟು ಗಟ್ಟಿಯಾಗಿ ಇಷ್ಟು ಹೇಳುತ್ತಾರೆ. ಆಮೇಲಿನದು ಅವನೊಬ್ಬನಿಗೆ: “ಚಕ್ರ ತಡ ಆಯ್ತು.”

ಎರಡೂ ಕೈಯಲ್ಲಿ ಹಿಡಿದು ಅವನ ಕೈಗೆ ಕೊಡುತ್ತಾರೆ. ಅವನೂ ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಾನೆ.